ಕನ್ನಡ ಶಾಸನಗಳಲ್ಲಿ ಮಾನ ಮತ್ತು ಸದಾಚಾರ

ಬಾದಾಮಿಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನೆಂಬ ಪುರುಷನ ಗುಣವನ್ನು ಬಣ್ಣಿಸುವ ಕಿರಿದಾದೊಂದು ಶಾಸನವಿದೆ. ಲಿಪಿಸ್ವರೂಪದಿಂದ ಅದು ಕ್ರಿ.ಶ. 700ರ ಸುಮಾರಿನದೆಂದು ವಿದ್ವಾಂಸರು ನಿಶ್ಚಯಿಸಿದ್ದಾರೆ. ಕನ್ನಡದಲ್ಲಿ ಈವರೆಗೆ ದೊರೆತಿರುವ ತ್ರಿಪದಿಗಳಲ್ಲಿ ಅತ್ಯಂತ ಹಳೆಯವು ಅಲ್ಲಿಯೇ ಇರುವುದರಿಂದ ಸಾಹಿತ್ಯಚರಿತ್ರೆಯನ್ನು ಬರೆದವರೆಲ್ಲರೂ ಅದನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಆದರೆ ತ್ರಿಪದಿಗಳಿಗೆ ಮುನ್ನ ಬರುವ ಒಂದು ಸಂಸ್ಕೃತ ಶ್ಲೋಕಕ್ಕೆ ಅಷ್ಟು ಗಮನ ಸಂದಂತೆ ಕಾಣುವುದಿಲ್ಲ. ತೇಜಸ್ವಿಯಾದವನಿಗೆ ಮಾನಭಂಗಕ್ಕಿಂತ ಮರಣವೇ ಲೇಸು. ಮರಣದ ದುಃಖ ಆ ಕ್ಷಣದ್ದು, ಮಾನಭಂಗದ ದುಃಖವಾದರೋ ದಿನದಿನವೂ ತಪ್ಪದೆ ಬರುವಂಥದು ಎಂಬುದು ಅದರ ಭಾವ.

ಈ ಶಾಸನದಲ್ಲಿ ಇಲ್ಲದಿರುವುದು ಏನೆಂಬುದನ್ನೂ ನೋಡಬೇಕು. ಆಳುತ್ತಿದ್ದ ಅರಸನ ಹೆಸರಿಲ್ಲ; ಭೂಮಿ ಕೊಟ್ಟ ಮಾತಿಲ್ಲ; ಅರಭಟ್ಟನು ಯಾವ ಕಾಳಗದಲ್ಲಿ ಮಡಿದನೆಂಬ ಸುದ್ದಿಯಿಲ್ಲ. ಅವನು ಶಿಷ್ಟರಿಗೆ ಪ್ರಿಯನಾಗಿದ್ದನು, ದುಷ್ಟರನ್ನು ದೂರವಿಟ್ಟಿದ್ದನು, ಒಳ್ಳೆಯವನೊಡನೆ ಒಳ್ಳೆಯವನಾಗಿಯೂ ಕೆಣಕಿದವನಿಗೆ ಕೇಡಾಗಿಯೂ ನಡೆದುಕೊಂಡನು ಎಂಬಿಷ್ಟೇ ಅಲ್ಲಿಯ ವಿಷಯ. ಹೀಗೆ ಬಾಳಿದ್ದಕ್ಕೆ ಸ್ವರ್ಗಪ್ರಾಪ್ತಿಯನ್ನಾಗಲಿ ಪುಣ್ಯಸಂಚಯವನ್ನಾಗಲಿ ಕಾರಣವಾಗಿ ಹೇಳಿಲ್ಲ. ಮನುಷ್ಯನು ಏತಕ್ಕಾಗಿ ಒಳ್ಳೆಯವನಾಗಿ ಬಾಳಬೇಕು ಎಂಬ ಪ್ರಶ್ನೆಗೆ ಧರ್ಮಶಾಸ್ತ್ರಕಾರರು ಪರಲೋಕವನ್ನೂ ಅರ್ಥಶಾಸ್ತ್ರಕಾರರು ರಾಜದಂಡವನ್ನೂ ತೋರಿಸಿದರು. ಬಾದಾಮಿಯ ಬಂಡೆ ಇವೆರಡನ್ನೂ ಬಿಟ್ಟು ಮೂರನೆಯದೊಂದನ್ನು ತೋರಿಸುತ್ತದೆ. ಅದು ಮಾನ. ಈ ಉತ್ತರವು ಕನ್ನಡನಾಡಿನಲ್ಲಿ ಎಷ್ಟು ಬಲವಾಗಿ ಬೇರೂರಿತ್ತು, ಎಲ್ಲಿಯವರೆಗೆ ಅದು ಜನರನ್ನು ಸನ್ಮಾರ್ಗದಲ್ಲಿ ನಿಲ್ಲಿಸಿತು, ಎಲ್ಲಿ ಅದು ದಾರಿ ತಪ್ಪಿತು ಎಂಬುದನ್ನು ಶಾಸನಗಳ ಆಧಾರದಿಂದಲೇ ಪರಿಶೀಲಿಸುವುದು ಸಾಧ್ಯ.

ಕನ್ನಡ ಶಾಸನಗಳಲ್ಲಿ ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಸೇರುವ ಹಲ್ಮಿಡಿಯ ಶಾಸನವೇ ಮಾನಕ್ಕೆ ಸಂಬಂಧಿಸಿದ ದಾಖಲೆಯಾಗಿರುವುದು ಆಕಸ್ಮಿಕವಲ್ಲ. ಕ್ರಿ.ಶ. 450ರ ಸುಮಾರಿನದೆಂದು ಬಹುಕಾಲದಿಂದ ಅಂಗೀಕೃತವಾಗಿರುವ ಆ ಬರಹದಲ್ಲಿ ವಿಜ ಅರಸನೆಂಬ ವೀರನಿಗೆ ಅವನ ಪರಾಕ್ರಮಕ್ಕಾಗಿ ಭೂಮಿಯನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿ ಇದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕಾಳಗದಿಂದ ಮರಳಿದ ವೀರನ ಕತ್ತಿಯ ನೆತ್ತರನ್ನು ತೊಳೆದು ಅದರೊಡನೆ ಕೊಡುವ ಉಂಬಳಿಗೆ ಈ ಹೆಸರು. ಮಡಿದವನ ಮನೆಯವರಿಗೆ ಕೊಡುವುದಕ್ಕೆ ನೆತ್ತರುಗೊಡಗೆಯೆಂದೂ ಕಲ್ನಾಡೆಂದೂ ಬೇರೆ ಹೆಸರುಗಳುಂಟು. ಇಷ್ಟು ಪದಗಳು ಒಂದೇ ಬಗೆಯ ದಾನಕ್ಕೆ ಹುಟ್ಟಿಕೊಂಡಿರುವುದನ್ನು ನೋಡಿದರೆ ಆ ಸಮಾಜದಲ್ಲಿ ಈ ವ್ಯವಹಾರವೆಷ್ಟು ನಿತ್ಯದ್ದಾಗಿತ್ತೆಂಬುದು ತಿಳಿಯುತ್ತದೆ. ಬೀರ, ಚಾಗ, ನನ್ನಿ, ಜಸ, ಚಲ ಮೊದಲಾದ ಮಾತುಗಳು ಶಾಸನಕವಿಗಳ ಬಾಯಲ್ಲಿ ಸದಾ ಇದ್ದವು.

ಹಲ್ಮಿಡಿಯ ಶಾಸನದಲ್ಲಿಯೇ ಮತ್ತೊಂದು ಅಂಶವೂ ಉಂಟು. ಈ ದಾನವನ್ನು ಅಪಹರಿಸಿದವನು ಮಹಾಪಾತಕಿಯಾಗುತ್ತಾನೆಂಬ ಎಚ್ಚರಿಕೆ ಅಲ್ಲಿದೆ. ಮುಂದಿನ ಶತಮಾನಗಳಲ್ಲಿ ಈ ಶಾಪಾಶಯವು ಬೆಳೆಯುತ್ತಲೇ ಹೋಯಿತು. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಬ್ರಾಹ್ಮಣರನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವುದು ಮೊದಲಾದ ಭಯಗಳು ದಾನಶಾಸನಗಳ ಕೊನೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಇಲ್ಲಿ ಗಮನಿಸಬೇಕಾದ ಭೇದವಿದು: ಒಂದೇ ಕಲ್ಲಿನ ಮೇಲೆ, ಭೂಮಿಯನ್ನು ಕದಿಯಬಹುದಾದವನ ಮುಂದೆ ನರಕವನ್ನು ಒಡ್ಡಲಾಗಿದೆ; ಊರಿಗಾಗಿ ಪ್ರಾಣ ಕೊಟ್ಟವನ ವಿಷಯದಲ್ಲಿ, ಕೊಡದಿದ್ದರೆ ಅವನಿಗೆ ಏನಾಗುತ್ತಿತ್ತೆಂಬ ಬೆದರಿಕೆಯ ಸೊಲ್ಲೇ ಇಲ್ಲ. ಕೆಟ್ಟದ್ದನ್ನು ತಡೆಯುವುದಕ್ಕೆ ಭಯ, ಒಳ್ಳೆಯದನ್ನು ಮಾಡಿಸುವುದಕ್ಕೆ ಮಾನ ಎಂಬ ಕೆಲಸದ ಹಂಚಿಕೆಯನ್ನು ಶಾಸನವನ್ನು ಬರೆಸಿದವರು ಬಾಯಿಬಿಟ್ಟು ಹೇಳದಿದ್ದರೂ ಆಚರಣೆಯಲ್ಲಿ ಇಟ್ಟುಕೊಂಡಿದ್ದರು. ಬೇಲಿಯನ್ನು ಹಾರದಂತೆ ಮಾಡುವುದಕ್ಕೆ ಶಾಪ ಸಾಕು. ಹುಲಿಯ ಎದುರಿಗೆ ನಿಲ್ಲಿಸುವುದಕ್ಕೆ ಅದು ಸಾಲದು.

ವೀರಗಲ್ಲುಗಳಲ್ಲಿಯೂ ಸ್ವರ್ಗವಿದೆಯಲ್ಲ ಎಂಬ ಆಕ್ಷೇಪ ಬರಬಹುದು. ನಿಜ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುವ ಈ ಕಲ್ಲುಗಳಲ್ಲಿ ಕೆಳಗೆ ಕಾಳಗವೂ ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟವೂ ಮೇಲೆ ಶಿವಲಿಂಗದ ಅಥವಾ ಜಿನಬಿಂಬದ ಸನ್ನಿಧಿಯೂ ಇರುತ್ತವೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣಭಂಗುರವಾದ ದೇಹದ ಚಿಂತೆಯೇಕೆ ಎಂಬ ಅರ್ಥದ ಶ್ಲೋಕವನ್ನಂತೂ ನೂರಾರು ಕಲ್ಲುಗಳು ಪುನರುಚ್ಚರಿಸುತ್ತವೆ. ಆದರೆ ಆ ನಡುಪಟ್ಟಿಕೆಯ ಸ್ವರ್ಗವನ್ನು ನಿಂತು ನೋಡಿದರೆ ಅದರ ಸ್ವರೂಪ ತಿಳಿಯುತ್ತದೆ. ಅಲ್ಲಿ ಚಾಮರ ಬೀಸುವವರಿದ್ದಾರೆ, ವಾದ್ಯದವರಿದ್ದಾರೆ, ವಿಮಾನವೋ ಪಲ್ಲಕ್ಕಿಯೋ ಇದೆ. ಭೂಮಿಯ ಮೇಲೆ ಅರಸನಿಗಲ್ಲದೆ ಬೇರೆಯವರಿಗೆ ದೊರೆಯದ ಮೆರವಣಿಗೆ ಅದು. ದನ ಕಾಯುವವನಿಗೆ ಶಿಲ್ಪಿ ಕೊಟ್ಟ ಸ್ವರ್ಗವು ಮಾನದ ಮೆರವಣಿಗೆಯೇ ಹೊರತು ಬೇರೆಯಲ್ಲ.

ದನ ಕಾಯುವವನೆಂಬ ಮಾತು ಉತ್ಪ್ರೇಕ್ಷೆಯಲ್ಲ. ತುರುಗೋಳ್, ಎಂದರೆ ಹಸುಗಳನ್ನು ಹಗೆಗಳು ಅಟ್ಟಿಕೊಂಡು ಹೋಗುವಾಗ ಅಡ್ಡ ನಿಂತು ಮಡಿದವರ ಕಲ್ಲುಗಳೇ ಕರ್ನಾಟಕದಲ್ಲಿ ಬಹುಸಂಖ್ಯೆಯಲ್ಲಿವೆ. ಊರಳಿವಿನಲ್ಲಿ ಕಾದಿದವರು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನವನ್ನು ಕಾಯಲು ಹೋಗಿ ಸತ್ತವರು, ಹುಲಿಯನ್ನು ಇರಿದು ತಾವೂ ಉರುಳಿದವರು ಮೊದಲಾದವರಲ್ಲಿ ಹೆಚ್ಚಿನವರು ಯಾವ ಪಟ್ಟವೂ ಪದವಿಯೂ ಇಲ್ಲದ ಗ್ರಾಮಸ್ಥರು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಈ ಸಾಮಾನ್ಯರ ಬಾಳನ್ನು ಮೊಟ್ಟಮೊದಲು ವಿಸ್ತಾರವಾಗಿ ಬೆಳಕಿಗೆ ತಂದರು. ಅದಕ್ಕೆ ಮುನ್ನ ಶಾಸನವೆಂದರೆ ರಾಜರ ವಂಶಾವಳಿಯ ಆಕರವೆಂಬ ಭಾವನೆಯೇ ಬಲವಾಗಿತ್ತು.

ಮಾನವು ಸದಾಚಾರಕ್ಕೆ ಪ್ರೇರಕವಾಗಬೇಕಾದರೆ ನೋಡುವ ಕಣ್ಣು ಬೇಕು. ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತ ಕಲ್ಲು ಆ ಕಣ್ಣಿನ ಕೆಲಸವನ್ನು ಮಾಡುತ್ತಿತ್ತು. ಸತ್ತವನ ಮಗನೂ ಮೊಮ್ಮಗನೂ ನೀರಿಗೆ ಹೋಗುವಾಗಲೆಲ್ಲ ಅದನ್ನು ಹಾದುಹೋಗಬೇಕು. ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಈ ಪರಂಪರೆಗೆ ಸೊಗಸಾದ ನಿದರ್ಶನ. ಗಂಗರ ಕಾಲದ, ಕ್ರಿ.ಶ. 900ರ ಹೊತ್ತಿನ ಕಲ್ಲು ಅದು. ವೀರಮಹೇಂದ್ರನ ವಿರುದ್ಧದ ಕಾಳಗದಲ್ಲಿ ನಾಗತ್ತರನು ಆನೆಗಳ ಎದುರು ಹೋರಾಡಿ ಮಡಿದನು. ಅದನ್ನು ಕೇಳಿ ಗಂಗರಸನು ಇರುಗನೆಂಬವನಿಗೆ ನಾಗತ್ತರನೆಂಬ ಪಟ್ಟವನ್ನೇ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಊರುಗಳೊಡನೆ ಸತ್ತವನ ಹೆಸರೂ ಮುಂದಿನವನ ಹೆಗಲೇರಿತು. ಆ ಹೆಸರನ್ನು ಹೊತ್ತವನು ಇನ್ನು ಬೆನ್ನು ತೋರಿಸುವಂತಿಲ್ಲ. ಗುಣವನ್ನು ಆಸ್ತಿಯಂತೆ ಹಸ್ತಾಂತರಿಸುವ ಈ ಉಪಾಯ ಧರ್ಮೋಪದೇಶಕ್ಕಿಂತ ಹೆಚ್ಚು ಫಲಕಾರಿಯಾಗಿದ್ದಿರಬೇಕು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಷ್ಟು ವಿಚಿತ್ರವಾದ, ವಿಚಾರಕ್ಕೆ ಎಡೆಗೊಡುವ ದಾಖಲೆ ಈ ವಿಷಯದಲ್ಲಿ ಇನ್ನೊಂದಿಲ್ಲ. ಶಕ 872, ಎಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ ಅವನ ಭಾವನಾದ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಕೃಷ್ಣನು ಮೆಚ್ಚಿ ಬನವಾಸಿ ಪನ್ನಿರ್ಚಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವನ್ನು ಬೂತುಗನಿಗೆ ಕೊಟ್ಟನು. ಆ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಕಾದಿದ ಆಳು ಮಣಲೆರ. ಮೆಚ್ಚಿದೆ, ಬೇಡು ಎಂದು ಬೂತುಗನು ಹೇಳಿದಾಗ ಮಣಲೆರನು ಊರನ್ನು ಕೇಳಲಿಲ್ಲ. ಕಾಳಿಯೆಂಬ ನಾಯನ್ನು ಕೇಳಿದನು. ಅದನ್ನು ಪಡೆದು ತಂದ ಬಳಿಕ ಕೆಳಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟನು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನಿಂತಿತು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯೂ ಬಿಡಲ್ಪಟ್ಟಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನದಾಗುವುದೆಂದು ಬರೆದಿದೆ. ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬೂತುಗನು ಮಣಲೆರನಿಗೆ ಬಾಳ್ಗಚ್ಚಾಗಿ ಕೊಟ್ಟ ವಿಷಯವೂ ಅದೇ ಕಲ್ಲಿನ ಮೇಲಿದೆ. ಈಗ ಈ ಕಲ್ಲೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿಯೇ ಇದೆ.

ನಾಯಿಗೆ ಕೀರ್ತಿಯ ಆಸೆಯಿಲ್ಲ; ಕಲ್ಲು ನಿಲ್ಲುತ್ತದೆಂದು ಅದು ಹಂದಿಯ ಮೇಲೆ ಬೀಳಲಿಲ್ಲ. ಆದ್ದರಿಂದ ಈ ಕಲ್ಲು ನಾಯಿಯ ಮಾನಕ್ಕಿಂತ ಮಣಲೆರನ ಮಾನವನ್ನೇ ಸೂಚಿಸುತ್ತದೆ ಎನ್ನಬೇಕು. ತನಗಾಗಿ ಸತ್ತ ಪ್ರಾಣಿಯನ್ನು ಮರೆತರೆ ಮಾನ ಕಳೆದುಕೊಳ್ಳುವವನು ಅವನೇ. ಕೃಷ್ಣನು ಬೂತುಗನಿಗೆ, ಬೂತುಗನು ಮಣಲೆರನಿಗೆ, ಮಣಲೆರನು ಕಾಳಿಗೆ ಸಲ್ಲಿಸಿದ ಋಣ ಒಂದೇ ಸರಪಣಿಯ ಕೊಂಡಿಗಳು. ಮೇಲಿನವನು ಕೆಳಗಿನವನಿಗೆ ತೀರಿಸಬೇಕಾದ ಋಣವೂ ಮಾನದ ಲೆಕ್ಕದಲ್ಲಿ ಸೇರುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. ನಾಯಿಗೆ ಸಲ್ಲಿಸಿದ ಇಂಥ ಗೌರವ ಕನ್ನಡನಾಡಿಗಷ್ಟೇ ಮೀಸಲೂ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿರುವ, ಪಲ್ಲವ ಮಹೇಂದ್ರವರ್ಮನ ಕಾಲದ ನಡುಗಲ್ಲಿನಲ್ಲಿ ಒಡೆಯನ ಹಿಂದೆ ನಿಂತ ಕೋವಿವನೆಂಬ ನಾಯಿಯ ಹೆಸರನ್ನೂ ಕೆತ್ತಿದ್ದಾರೆ.

ಆತಕೂರಿನ ಶಾಸನಕ್ಕೆ ಸಂಬಂಧಿಸಿದ ಒಂದು ಪಾಠವಿಚಾರವನ್ನು ಇಲ್ಲಿ ಬಿಡುವಂತಿಲ್ಲ. ಬೂತುಗನು ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವಲ್ಲಿ 'ಬಿಸುಗೆ' ಎಂಬ ಶಬ್ದ ಬರುತ್ತದೆ. ಬೆಸೆ, ಬೆಸುಗೆ ಎಂಬ ಮಾತುಗಳ ಬಳಿಗೆ ಅದನ್ನು ಒಯ್ದು ಆಲಿಂಗನವೆಂದು ಅರ್ಥಮಾಡಿದವರು ಮೊದಲಲ್ಲಿ ಇದ್ದರು. ಹಾಗೆ ಓದಿದರೆ, ಅಪ್ಪಿಕೊಳ್ಳುವ ನೆಪದಲ್ಲಿ ಬೂತುಗನು ಚೋಳನನ್ನು ಇರಿದನೆಂದಾಗುತ್ತದೆ. ತಕ್ಕೋಲದ ವೀರನು ವಂಚಕನಾಗುತ್ತಾನೆ. ಬಿಸುಗೆಯೆಂದರೆ ಆನೆಯ ಮೇಲಿನ ಅಂಬಾರಿ, ಆ ಅಂಬಾರಿಯನ್ನೇ ಕಳನಾಗಿ ಮಾಡಿಕೊಂಡು ಕಾದಿದನೆಂಬುದೇ ಸರಿಯಾದ ಅರ್ಥವೆಂದು ಅನಂತರದ ವಿದ್ವಾಂಸರು ತೋರಿಸಿಕೊಟ್ಟರು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ಶಾಸನಗಳೂ ಹೇಳುವುದರಿಂದ ಈ ಅರ್ಥಕ್ಕೆ ಹಗೆಯ ಬಾಯಿಂದಲೇ ಬೆಂಬಲ ದೊರೆಯಿತು. ಸಾವಿರ ವರ್ಷಗಳ ಹಿಂದಿನ ಒಬ್ಬನ ಮಾನವು ನಿಘಂಟಿನ ಒಂದು ಶಬ್ದದ ಮೇಲೆ ತೂಗಾಡಿದ ಪ್ರಸಂಗವಿದು. ಶಾಸನಗಳನ್ನು ಓದುವವನ ಹೊಣೆ ಎಂಥದೆಂಬುದಕ್ಕೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಉಂಡ ಮನೆಯ ಋಣವನ್ನು ಸೂಚಿಸುವುದಕ್ಕೆ ಕನ್ನಡದಲ್ಲಿ ಜೋಳದ ಪಾಳಿ ಎಂಬ ಮಾತಿತ್ತು. ಒಡೆಯನು ಕೊಟ್ಟ ಜೋಳಕ್ಕೆ ಪ್ರತಿಯಾಗಿ ಸಮಯ ಬಂದಾಗ ಪ್ರಾಣವನ್ನು ಕೊಡುವ ನಿಷ್ಠೆ ಅದು. ಪಂಪನ ಕಾವ್ಯದಲ್ಲಿಯೂ ಈ ಮಾತು ಬರುತ್ತದೆ. ಕ್ರಿ.ಶ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಮುಗಿಸಿದ ಪಂಪನು ಸ್ವತಃ ಕಲಿಯೂ ಆಗಿದ್ದು, ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಚಾಲುಕ್ಯ ಎರಡನೆಯ ಅರಿಕೇಸರಿಯ ಆಶ್ರಯದಲ್ಲಿದ್ದನು. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬೊಮ್ಮಲಗುಟ್ಟದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಕೆತ್ತಿಸಿದ ಶಾಸನವನ್ನು ಹೈದರಾಬಾದಿನ ಕನ್ನಡಿಗರು ಅರ್ಧ ದಿನದ ಪ್ರಯಾಣದಲ್ಲಿ ಕಂಡುಬರಬಹುದು.

ಪಂಪನ ಕರ್ಣನು ಮಾನದ ಪ್ರಶ್ನೆಯನ್ನು ತೀಕ್ಷ್ಣಗೊಳಿಸುತ್ತಾನೆ. ಪಾಂಡವರಲ್ಲಿ ತಾನೇ ಹಿರಿಯನೆಂಬುದು ಕೃಷ್ಣನಿಂದ ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಧರ್ಮವು ಯಾವ ಪಕ್ಷದಲ್ಲಿದೆಯೆಂಬುದು ಅವನಿಗೆ ಗೊತ್ತಿಲ್ಲದೆ ಇಲ್ಲ. ಆದರೂ ಹಾಸ್ಯಕ್ಕೊಳಗಾದ ದಿನ ತನ್ನನ್ನು ಎತ್ತಿಹಿಡಿದವನನ್ನು ಕಷ್ಟದ ದಿನ ಬಿಟ್ಟುಹೋದರೆ ತಾನು ಬಾಳುವುದೆಂತು ಎಂಬುದೇ ಅವನ ವಿಚಾರ. ಕಾವ್ಯದ ಕೊನೆಯಲ್ಲಿ ಪಂಪನು ಭಾರತದ ವೀರರನ್ನು ಒಬ್ಬೊಬ್ಬರನ್ನೂ ಒಂದೊಂದು ಗುಣದಿಂದ ಸ್ಮರಿಸುವಾಗ ದುರ್ಯೋಧನನ ಚಲವನ್ನೂ ಕರ್ಣನ ನನ್ನಿಯನ್ನೂ ಪಾಂಡವರ ಗುಣಗಳ ಜೊತೆಯಲ್ಲಿಯೇ ಎಣಿಸುತ್ತಾನೆ. ಸೋತ ಪಕ್ಷವೆಂದು ಬದಿಗಿಡುವುದಿಲ್ಲ. ಧರ್ಮವೇ ಬೇರೆ, ಮಾನವೇ ಬೇರೆ ಎಂಬ ಅರಿವು ಕನ್ನಡದ ಆದಿಕವಿಗೆ ಸ್ಪಷ್ಟವಾಗಿತ್ತು. ಮಾನವುಳ್ಳವನು ಅಧರ್ಮದ ಪಕ್ಷದಲ್ಲಿಯೂ ನಿಲ್ಲಬಹುದು. ಹಾಗೆ ನಿಂತಾಗಲೂ ಅವನ ನಿಷ್ಠೆ, ದಾನ, ಸತ್ಯ ಇವು ಸುಳ್ಳಾಗುವುದಿಲ್ಲ. ಇದು ಮಾನದ ಹಿರಿಮೆಯೂ ಹೌದು, ಅದರ ಅಪಾಯವೂ ಹೌದು.

ಆ ಅಪಾಯದ ಚಿತ್ರ ಹೊಯ್ಸಳರ ಕಾಲದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಒಡೆಯನು ಸತ್ತರೆ ತಾನೂ ಸಾಯುವೆನೆಂದು ಮೊದಲೇ ವ್ರತ ತೊಟ್ಟ ವೇಳೆವಾಳಿಯವರು, ಲೆಂಕರು, ಗರುಡರು ಕನ್ನಡನಾಡಿನಲ್ಲಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭವು ಕುವರಲಕ್ಷ್ಮನೆಂಬ ದಂಡನಾಯಕನ ನೆನಪಿಗೆ ನಿಂತಿದೆ. ಎರಡನೆಯ ಬಲ್ಲಾಳನು ಇವನನ್ನು ಮಗನಂತೆ ಸಾಕಿ ಬೆಳೆಸಿದ್ದನು. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವರ ಲೆಂಕರೂ ಪ್ರಾಣವನ್ನು ಅರ್ಪಿಸಿದರು. ಕಂಬದ ಮೇಲೆ ಕೆತ್ತಿರುವ ಚಿಕ್ಕ ಚಿಕ್ಕ ಮೂರ್ತಿಗಳು ಕತ್ತಿಯಿಂದ ತಮ್ಮನ್ನು ತಾವೇ ಕಡಿದುಕೊಳ್ಳುತ್ತಿವೆ. ಕೃಷ್ಣರಾಜಪೇಟೆ ತಾಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಲ್ಲಿ ಒಂದೇ ಮನೆತನದವರು ತಲೆತಲಾಂತರವಾಗಿ ಹೊಯ್ಸಳ ಅರಸರ ಗರುಡರಾಗಿ ಮಡಿದ ಕಥೆಯಿದೆ.

ಹೊರನಾಡಿನ ಪ್ರವಾಸಿಗಳಿಗೆ ಇದು ಬೆರಗನ್ನು ಹುಟ್ಟಿಸಿದ ಆಚಾರವಾಗಿತ್ತು. ಭಾರತದ ಕೆಲವು ಅರಸರು ಪಟ್ಟಕ್ಕೇರುವಾಗ ಅನ್ನವನ್ನು ಮಾಡಿಸಿ ತಮ್ಮವರಿಗೆ ಹಂಚುತ್ತಾರೆ, ಅದನ್ನುಂಡವರು ಅರಸನು ಸತ್ತ ದಿನ ಬೆಂಕಿಗೆ ಬೀಳಬೇಕು ಎಂದು 10ನೆಯ ಶತಮಾನದ ಆದಿಯಲ್ಲಿ ಅರಬ್ಬೀ ಲೇಖಕ ಅಬೂ ಜೈದನು ಬರೆದನು. 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಪಾಂಡ್ಯನಾಡಿನ ವಿಷಯದಲ್ಲಿ ಇಂಥದೇ ಮಾತನ್ನು ಹೇಳುತ್ತಾನೆ. ಅಲ್ಲಿ ಅಕ್ಕಿ, ಇಲ್ಲಿ ಜೋಳ, ಲೆಕ್ಕ ಒಂದೇ.

ಕುವರಲಕ್ಷ್ಮನ ಸಾವಿನಿಂದ ಯಾರ ದನವೂ ಉಳಿಯಲಿಲ್ಲ, ಯಾವ ಊರೂ ಸುಲಿಗೆಯಿಂದ ಪಾರಾಗಲಿಲ್ಲ. ತುರುಗೋಳಿನಲ್ಲಿ ಸತ್ತ ಹೆಸರಿಲ್ಲದ ಗೊಲ್ಲನನ್ನೂ ಹಳೇಬೀಡಿನ ದಂಡನಾಯಕನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಆದ್ದರಿಂದ ಉಚಿತವಲ್ಲ. ಒಬ್ಬನ ಮಾನ ಊರ ಹಿತವನ್ನು ಕಾಯಿತು. ಇನ್ನೊಬ್ಬನ ಮಾನ ತನ್ನನ್ನು ತಾನೇ ಕಾದುಕೊಂಡಿತು. ಕೀರ್ತಿಯು ಗುಣದ ನೆರಳಾಗಿರುವುದನ್ನು ಬಿಟ್ಟು ತಾನೇ ಗುರಿಯಾದಾಗ ಉಳಿಯುವುದು ಇಂಥ ಸಾವುಗಳೇ. ಇದನ್ನು ಸ್ವಾಮಿನಿಷ್ಠೆಯ ಪರಾಕಾಷ್ಠೆಯೆಂದು ಹೊಗಳುವ ಬರಹಗಳು ಕನ್ನಡದಲ್ಲಿ ಬೇಕಾದಷ್ಟು ಬಂದಿವೆ. ವ್ರತ ತೊಟ್ಟವನಿಗೆ ಬದುಕಿದ್ದಾಗ ದೊರೆಯುತ್ತಿದ್ದ ಅಧಿಕಾರವನ್ನೂ, ವ್ರತ ಮುರಿದವನಿಗೆ ಕಾದಿದ್ದ ನಿಂದೆಯನ್ನೂ ಆ ಬರಹಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಮೆ.

ಹೆಂಗಸರ ಪಾಲಿಗೆ ಈ ಲೆಕ್ಕ ಇನ್ನೂ ಕಠೋರವಾಗಿತ್ತು. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ ಕ್ರಿ.ಶ. 1057ರ ಶಾಸನವೊಂದಿದೆ. ನುಗುನಾಡಿನ ರವಿಗನ ಮಗಳು ದೇಕಬ್ಬೆ; ಆಕೆಯ ಗಂಡ ಏಚನು ಚೋಳರಾಜನ ಆಜ್ಞೆಯಿಂದ ಕೊಲ್ಲಲ್ಪಟ್ಟನು. ಸುದ್ದಿ ಮುಟ್ಟಿದೊಡನೆ ಆಕೆ ಬೆಂಕಿಗೆ ಸಿದ್ಧಳಾದಳು. ತಂದೆತಾಯಿಗಳೂ ಬಂಧುಗಳೂ ಬೇಡವೆಂದು ಕಾಲಿಗೆ ಬಿದ್ದರೂ ಕೇಳಲಿಲ್ಲ. ಹುಟ್ಟಿದ ಮನೆಯ ಮತ್ತು ಸೇರಿದ ಮನೆಯ ಹಿರಿಮೆಗೆ ಕುಂದು ತಂದು ಬಾಳಲಾರೆನೆಂಬುದೇ ಆಕೆಯ ಉತ್ತರ. ಮಲ್ಲನೆಂಬ ಕವಿ ಇದನ್ನು ಬರೆದಿದ್ದಾನೆ. ಹಳಗನ್ನಡದ ಶಾಸನಕಾವ್ಯಗಳಲ್ಲಿ ಇದು ಅತ್ಯುತ್ತಮವಾದವುಗಳಲ್ಲಿ ಒಂದು. ಕವಿತೆ ಚೆನ್ನಾಗಿದೆಯೆಂಬುದೇ ಇಲ್ಲಿ ತೊಡಕು. ಬೇಡವೆಂದು ಅತ್ತ ತಾಯಿಯ ಮಾತಿಗಿಂತ ಬೆಂಕಿಗೆ ಹೋದ ಮಗಳ ಮಾತು ಪದ್ಯದಲ್ಲಿ ಸೊಗಸಾಗಿ ಕೇಳುತ್ತದೆ. ಅಂಥ ಪದ್ಯವನ್ನು ಕೇಳಿ ಬೆಳೆದ ಮುಂದಿನ ಹೆಣ್ಣಿಗೆ ಬದುಕಿ ಉಳಿಯುವ ದಾರಿ ಇನ್ನಷ್ಟು ಕಿರಿದಾಗುತ್ತದೆ. ಗಂಡಸು ಮಾನಕ್ಕಾಗಿ ಹೋರಾಡಿ ಗೆದ್ದು ಮನೆಗೆ ಬರಬಹುದಿತ್ತು. ದೇಕಬ್ಬೆಗೆ ಗೆಲ್ಲುವ ದಾರಿಯೇ ಇರಲಿಲ್ಲ.

ಹೆಣ್ಣಿನ ಮಾನವನ್ನು ಬೇರೆ ರೀತಿಯಲ್ಲಿ ಕಂಡ ಶಾಸನಗಳಿಲ್ಲದಿಲ್ಲ. ಲಕ್ಕುಂಡಿಯ 1007ರ ಶಾಸನದಲ್ಲಿ ಕೀರ್ತಿತಳಾದ ಅತ್ತಿಮಬ್ಬೆಯು ಗಂಡನನ್ನು ಕಳೆದುಕೊಂಡ ಮೇಲೆ ಬಹುಕಾಲ ಬದುಕಿ, ಬಸದಿಗಳನ್ನು ಕಟ್ಟಿಸಿ, ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ದಾನಚಿಂತಾಮಣಿಯೆಂಬ ಅವಳ ಬಿರುದು ಬೆಂಕಿಯಿಂದ ಬಂದದ್ದಲ್ಲ. ಆದರೆ ಇಂಥ ಉದಾಹರಣೆ ಸಿರಿವಂತರ ಮನೆಗೆ ಸೀಮಿತವಾದದ್ದು.

12ನೆಯ ಶತಮಾನದ ಶರಣರು ಮಾನದ ನೆಲೆಯನ್ನೇ ಬದಲಿಸಿದರು. ಲೋಕವು ಮೆಚ್ಚುತ್ತದೆಯೋ ಜರೆಯುತ್ತದೆಯೋ ಎಂಬುದಕ್ಕಿಂತ ಕೂಡಲಸಂಗಮದೇವನು ಒಪ್ಪುತ್ತಾನೆಯೋ ಇಲ್ಲವೋ ಎಂಬುದು ಬಸವಣ್ಣನವರಿಗೆ ಮುಖ್ಯವಾಯಿತು. ನೋಡುವ ಕಣ್ಣು ಊರ ಬಾಗಿಲಿನಿಂದ ಎದೆಯೊಳಗೆ ಬಂದಿತು. ವೇಳೆವಾಳಿಯ ಕಟ್ಟುನಿಟ್ಟು ಅಲ್ಲಿ ಕಳೆದುಹೋಗಲಿಲ್ಲ. ಶರಣರ ವ್ರತನಿಷ್ಠೆಯಲ್ಲಿ ಅದರ ಬಿಗಿಯನ್ನು ಕಾಣಬಹುದು. ಆದರೆ ಕಾಯಕದಲ್ಲಿ ಕಳವಿಲ್ಲದೆ ನಡೆದರೆ ಮಾನವಂತನಾಗುವುದಕ್ಕೆ ಕುಲವೂ ಕತ್ತಿಯೂ ಬೇಡವೆಂಬ ಮಾತು ಹೊಸದು. ಈ ಬದಲಾವಣೆ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಸೂಳೆ ಸಂಕವ್ವೆಯ ವಚನ ಸಾಕ್ಷಿಯಾಗಿದೆ. ಅವಳದೆಂದು ಉಳಿದುಬಂದಿರುವುದು ಒಂದೇ ವಚನ. ಒಬ್ಬನಿಂದ ಒತ್ತೆಯನ್ನು ಪಡೆದ ಮೇಲೆ ಇನ್ನೊಬ್ಬನ ಒತ್ತೆಯನ್ನು ಹಿಡಿಯಲಾರೆ, ಹಿಡಿದರೆ ತನಗೆ ಘೋರವಾದ ಶಿಕ್ಷೆಯಾದೀತು ಎಂದು ಅವಳು ಹೇಳುತ್ತಾಳೆ. ವ್ರತಹೀನರೊಡನೆ ಬೆರೆಯಲೊಲ್ಲೆನೆಂಬ ನಿಷ್ಠೆಯೂ ಅಲ್ಲಿದೆ. ಲೋಕದ ಕಣ್ಣಿನಲ್ಲಿ ಮಾನವೇ ಇಲ್ಲದ ವೃತ್ತಿಯವಳು ಕೊಟ್ಟ ಮಾತನ್ನು ನಡೆಸುವುದನ್ನೇ ತನ್ನ ಮಾನವಾಗಿ ಕಾಣುತ್ತಾಳೆ. ಶಿಕ್ಷೆಯ ಭಯವೂ ಆ ಮಾತಿನಲ್ಲಿ ಇದೆ. ಅದನ್ನು ಮುಚ್ಚುವ ಕಾರಣವಿಲ್ಲ. ಆದರೆ ಅವಳು ಆರಿಸಿಕೊಂಡ ಅಂಕಿತ ನಿರ್ಲಜ್ಜೇಶ್ವರ. ಲಜ್ಜೆಯಿಲ್ಲದವಳೆಂದು ಜರೆದ ಲೋಕಕ್ಕೆ ದೇವರ ಹೆಸರಿನಲ್ಲಿಯೇ ಮರುಮಾತು ಕೊಟ್ಟ ವಚನಕಾರ್ತಿ ಇನ್ನೊಬ್ಬಳಿಲ್ಲ.

ವಚನಗಳಿಂದ ವೀರಗಲ್ಲುಗಳು ನಿಂತುಹೋಗಲಿಲ್ಲ. ವಿಜಯನಗರದ ಕಾಲದಲ್ಲಿಯೂ ಅನಂತರವೂ ಅವು ನಿಲ್ಲುತ್ತಲೇ ಇದ್ದವು. ಬರಹ ಕಡಮೆಯಾಗಿ, ಕೆತ್ತನೆ ಒರಟಾಗಿ, ಕ್ರಮೇಣ ಆ ಪದ್ಧತಿ ಕ್ಷೀಣಿಸಿತು. ಬಹುಮಟ್ಟಿಗೆ ಈ ಕಲ್ಲುಗಳ ಸಂಗ್ರಹ ಇಂದಿನ ಕರ್ನಾಟಕದ ಎಲ್ಲೆಯೊಳಗೆ ನಡೆದಿದೆ. ಬಿ. ಎಲ್. ರೈಸರು 1886ರಲ್ಲಿ ಆರಂಭಿಸಿದ 'ಎಪಿಗ್ರಾಫಿಯ ಕರ್ನಾಟಿಕ'ವೂ ಹಳೆಯ ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಎಲ್ಲೆಯನ್ನೇ ಅನುಸರಿಸಿತ್ತು. ಕನ್ನಡದ ಕಲ್ಲುಗಳಿಗೆ ಆ ಎಲ್ಲೆ ಗೊತ್ತಿರಲಿಲ್ಲ. ಮೂರನೆಯ ಕೃಷ್ಣನ ಕನ್ನಡ ಪ್ರಶಸ್ತಿ ಮಧ್ಯಪ್ರದೇಶದ ಮೈಹರಿನ ಬಳಿಯ ಜೂರಾದಲ್ಲಿದೆ. ಸೊಲ್ಲಾಪುರ, ಕೊಲ್ಹಾಪುರಗಳ ಸೀಮೆಯಲ್ಲಿ ಕನ್ನಡ ಶಾಸನಗಳು ವಿಪುಲವಾಗಿವೆ. ಮುಂಬಯಿಯ ಬೋರಿವಲಿಯ ಎಕ್ಸರಿನಲ್ಲಿ ಸಾಲಾಗಿ ನಿಂತ ಎತ್ತರವಾದ ವೀರಗಲ್ಲುಗಳಿವೆ. ಹುಟ್ಟುಹಾಕುವ ನೌಕೆಗಳ ಕಾಳಗವನ್ನು ತೋರಿಸುವ ಆ ಕೆತ್ತನೆಯಂಥದು ಭಾರತದಲ್ಲಿಯೇ ವಿರಳ. ಕೊಂಕಣದ ಶಿಲಾಹಾರರಿಗೂ ದೇವಗಿರಿಯ ಯಾದವರಿಗೂ 13ನೆಯ ಶತಮಾನದಲ್ಲಿ ನಡೆದ ಯುದ್ಧಕ್ಕೆ ಅವು ಸೇರಿದವೆಂದು ಕೆಲವರ ಮತ. ಅದಕ್ಕಿಂತ ಹಿಂದಿನವೆಂದು ಬೇರೆ ಕೆಲವರು. ಓದಬ ಬರುವಂಥ ಬರಹ ಯಾವುದರ ಮೇಲೂ ಉಳಿದಿಲ್ಲ. ಹಡಗುಗಳು ಉಳಿದಿವೆ, ಹೂಮಾಲೆ ಹಿಡಿದ ಅಪ್ಸರೆಯರು ಉಳಿದಿದ್ದಾರೆ. ಯಾರಿಗಾಗಿ ಇಷ್ಟೆಲ್ಲ ಕೆತ್ತಲಾಯಿತೋ ಅವರ ಹೆಸರು ಹೋಗಿದೆ. ಎಕ್ಸರಿನ ಕಲ್ಲುಗಳನ್ನು ಕನ್ನಡನಾಡಿನ ಕರಾವಳಿಯ ವೀರಗಲ್ಲುಗಳೊಡನೆ, ಮುಖ್ಯವಾಗಿ ಪಟ್ಟಿಕೆಗಳ ಕ್ರಮ, ಆಯುಧ, ಉಡುಗೆ ಇವುಗಳ ದೃಷ್ಟಿಯಿಂದ, ಹೋಲಿಸಿ ನೋಡುವ ಕೆಲಸವನ್ನು ಆ ನಗರದಲ್ಲಿಯೇ ಇರುವ ಕನ್ನಡ ವಿದ್ವಾಂಸರು ಕೈಗೊಂಡರೆ ಕಾಲನಿರ್ಣಯಕ್ಕೆ ಸಹಾಯವಾದೀತು.